ಮಂಗಳೂರು–ದುಬೈ: ದೂರ ಒಂದೇ, ಹೊತ್ತು ಯಾಕೆ ಬೇರೆ ಬೇರೆ?

ಕಾಸರಗೋಡು ಜಿಲ್ಲೆಯಲ್ಲಿ ಗಲ್ಫಿನ ನಂಟಿಲ್ಲದ ಊರು ಹುಡುಕುವುದು ಕಷ್ಟ. ಮಂಜೇಶ್ವರದಿಂದ ಹಿಡಿದು ತೃಕ್ಕರಿಪುರದವರೆಗೆ ಎಲ್ಲಿ ಹೋದರೂ ದುಬೈಯಲ್ಲೋ ದೋಹಾದಲ್ಲೋ ದುಡಿಯುವ ಮಗನಿದ್ದಾನೆ, ಅಳಿಯನಿದ್ದಾನೆ, ಈಗೀಗ ಮಗಳೂ ಇದ್ದಾಳೆ. ಹಾಗಾಗಿ ವಿಮಾನದ ಹೊತ್ತಿನ ಲೆಕ್ಕ ಇಲ್ಲಿ ಬಹಳ ಮನೆಗಳಿಗೆ ಬೇಕಾದ ಲೆಕ್ಕ. ಆದರೂ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ: "ಹೋಗುವಾಗ ಎರಡು ಗಂಟೆಯಲ್ಲಿ ಮುಟ್ಟುತ್ತದೆ, ಬರುವಾಗ ಐದು ಗಂಟೆ ಬೇಕು. ಅದು ಹೇಗೆ ಮಾರಾಯ್ರೇ?"

ಟಿಕೆಟ್ ನೋಡಿದರೆ ಹಾಗೇ ಕಾಣುತ್ತದೆ. ಒಂದು ಟಿಕೆಟ್ ಹೀಗಿದೆ ಅಂತ ಇಟ್ಟುಕೊಳ್ಳಿ. ಮಂಗಳೂರಿನಿಂದ ಬೆಳಿಗ್ಗೆ 10:00ಕ್ಕೆ ಹೊರಟು ದುಬೈಗೆ ಮಧ್ಯಾಹ್ನ 12:15ಕ್ಕೆ ಮುಟ್ಟುತ್ತದೆ. ವಾಪಸ್ ಬರುವಾಗ ದುಬೈಯಿಂದ ಮಧ್ಯಾಹ್ನ 1:00ಕ್ಕೆ ಹೊರಟು ಮಂಗಳೂರಿಗೆ ಸಂಜೆ 6:00ಕ್ಕೆ. ಹೋಗುವಾಗ ಎರಡೂಕಾಲು ಗಂಟೆ, ಬರುವಾಗ ಐದು ಗಂಟೆ. ವಿಮಾನ ಅದೇ, ದಾರಿ ಹೆಚ್ಚುಕಡಿಮೆ ಅದೇ.

ನಿಜವಾಗಿ ಆ ವಿಮಾನಕ್ಕೆ ಹೋಗಲು ಬೇಕಾದದ್ದು 3 ಗಂಟೆ 45 ನಿಮಿಷ. ಬರಲು 3 ಗಂಟೆ 30 ನಿಮಿಷ. ಅಂದರೆ ಬರುವಾಗಲೇ ಬೇಗ! ಟಿಕೆಟ್ ತೋರಿಸುವುದಕ್ಕೆ ಪೂರ್ತಿ ಉಲ್ಟಾ. ಇದರಲ್ಲಿ ಗಡಿಯಾರದ ಪಾಲು ಎಷ್ಟು, ಗಾಳಿಯ ಪಾಲು ಎಷ್ಟು, ರನ್‌ವೇಯ ಪಾಲು ಎಷ್ಟು ಅಂತ ಬಿಡಿಸಿ ನೋಡೋಣ.

ಗಡಿಯಾರದ ಪಾಲು

ಟಿಕೆಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದ್ದು, ಮುಟ್ಟುವ ಹೊತ್ತು ಮುಟ್ಟುವ ಊರಿನದ್ದು. ಇದು ಎಲ್ಲ ವಿಮಾನ ಕಂಪನಿಗಳ ಪದ್ಧತಿ. ಭಾರತದ ಗಡಿಯಾರ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಯುಎಇ ಗಡಿಯಾರ ನಾಲ್ಕು ಗಂಟೆ ಮುಂದೆ. ನಮಗೂ ಅವರಿಗೂ ಒಂದೂವರೆ ಗಂಟೆ ವ್ಯತ್ಯಾಸ. ಒಮಾನಿಗೂ ಇದೇ ಲೆಕ್ಕ. ಸೌದಿ, ಕತಾರ್, ಕುವೈತ್, ಬಹ್ರೇನ್ ಗಡಿಯಾರ ಇನ್ನೂ ಒಂದು ಗಂಟೆ ಹಿಂದೆ. ಅಲ್ಲಿಗೆ ಎರಡೂವರೆ ಗಂಟೆ. ಯುರೋಪಿನಲ್ಲಿ ಬೇಸಿಗೆಗೊಮ್ಮೆ ಚಳಿಗಾಲಕ್ಕೊಮ್ಮೆ ಗಡಿಯಾರ ತಿರುಗಿಸುತ್ತಾರೆ. ಗಲ್ಫಿನ ಈ ದೇಶಗಳಲ್ಲಿ ಆ ರಗಳೆ ಇಲ್ಲ. ವರ್ಷವಿಡೀ ಒಂದೇ ವ್ಯತ್ಯಾಸ.

ಹಾಗಾಗಿ ಲೆಕ್ಕ ಸುಲಭ. ದುಬೈಗೆ ಹೋಗುವ ಟಿಕೆಟಿನಲ್ಲಿ ಕಾಣುವ ಹೊತ್ತಿಗೆ ಒಂದೂವರೆ ಗಂಟೆ ಕೂಡಿಸಿ. ಬರುವ ಟಿಕೆಟಿನಲ್ಲಿ ಕಾಣುವ ಹೊತ್ತಿನಿಂದ ಒಂದೂವರೆ ಗಂಟೆ ಕಳೆಯಿರಿ. ಎರಡೂಕಾಲಿಗೆ ಒಂದೂವರೆ ಕೂಡಿಸಿದರೆ ಮೂರು ಮುಕ್ಕಾಲು. ಐದರಿಂದ ಒಂದೂವರೆ ಕಳೆದರೆ ಮೂರೂವರೆ. ಎಷ್ಟೋ ಮಂದಿ ಎರಡೂ ಕಡೆ ಕಳೆಯುತ್ತಾರೆ, ಇಲ್ಲವೇ ಎರಡೂ ಕಡೆ ಕೂಡಿಸುತ್ತಾರೆ. ಎಡವುವುದು ಅಲ್ಲೇ.

ಈ ಒಂದೂವರೆ ಗಂಟೆ ಎಲ್ಲಿಂದ ಬಂತು? ಭೂಮಿ ಒಂದು ಸುತ್ತು, ಅಂದರೆ 360 ಡಿಗ್ರಿ ತಿರುಗಲು 24 ಗಂಟೆ ಬೇಕು. ಒಂದು ಗಂಟೆಗೆ 15 ಡಿಗ್ರಿ, ಒಂದು ಡಿಗ್ರಿಗೆ 4 ನಿಮಿಷ. ಮಂಗಳೂರು ವಿಮಾನ ನಿಲ್ದಾಣ ಇರುವುದು ಪೂರ್ವ ರೇಖಾಂಶ 74.89 ಡಿಗ್ರಿಯಲ್ಲಿ. ದುಬೈಯದ್ದು 55.36. ನಡುವೆ 19.5 ಡಿಗ್ರಿ. ನಾಲ್ಕರಿಂದ ಗುಣಿಸಿದರೆ 78 ನಿಮಿಷ. ಸೂರ್ಯನ ಲೆಕ್ಕದಲ್ಲಿ ಎರಡು ಊರಿಗೆ ಇರುವ ವ್ಯತ್ಯಾಸ ಇಷ್ಟೇ. ಗಡಿಯಾರ ಮಾತ್ರ 90 ನಿಮಿಷ ಅನ್ನುತ್ತದೆ. ಉಳಿದ 12 ನಿಮಿಷ ಸರ್ಕಾರಗಳು ಅನುಕೂಲಕ್ಕೆ ಮಾಡಿಕೊಂಡದ್ದು. ಭಾರತ ಇಡೀ ದೇಶಕ್ಕೆ 82.5 ಡಿಗ್ರಿ ರೇಖಾಂಶದ ಹೊತ್ತನ್ನು ಇಟ್ಟುಕೊಂಡಿದೆ. ಆ ಗೆರೆ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತದೆ. ನಾವು ಅದಕ್ಕಿಂತ ಪಶ್ಚಿಮಕ್ಕೆ ಇದ್ದೇವೆ. ಹಾಗಾಗಿ ಕಾಸರಗೋಡಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ ಹನ್ನೆರಡೂವರೆಗೆ. ದುಬೈಯ ಗಡಿಯಾರವೂ ಅಲ್ಲಿಯ ಸೂರ್ಯನಿಗಿಂತ ಸುಮಾರು 18 ನಿಮಿಷ ಮುಂದಿದೆ. ಈ ಎರಡರ ಅಂತರವೇ ಆ 12 ನಿಮಿಷ.

ಸಂಜೆಯ ವಿಮಾನದಲ್ಲಿ ಹೋಗುವವರಿಗೆ ಈ ಲೆಕ್ಕ ಕಣ್ಣಿಗೇ ಕಾಣುತ್ತದೆ. ರಂಜಾನ್ ಉಪವಾಸ ಹಿಡಿದವರು ಸಂಜೆ ಬಜ್ಪೆಯಲ್ಲಿ, ಅಂದರೆ ಮಂಗಳೂರು ನಿಲ್ದಾಣದಲ್ಲಿ, ವಿಮಾನ ಹತ್ತಿದರೆ ಊರಲ್ಲಿ ಸೂರ್ಯ ಮುಳುಗಿ ಮಗ್ರಿಬ್ ಬಾಂಗ್ ಆದ ಮೇಲೂ ಕಿಟಕಿಯಲ್ಲಿ ಸೂರ್ಯ ಇರುತ್ತಾನೆ. ವಿಮಾನ ಪಶ್ಚಿಮಕ್ಕೆ ಓಡುತ್ತಿದೆ, ಸೂರ್ಯನೂ ಅತ್ತಲೇ ಇಳಿಯುತ್ತಿದ್ದಾನೆ. ಮುಳುಗುವುದು ನಿಧಾನವಾಗುತ್ತದೆ. ಇನ್ನೊಂದು ಕಾರಣ ಎತ್ತರ. 11 ಕಿ.ಮೀ. ಮೇಲಿನಿಂದ ನೋಡುವಾಗ ದಿಗಂತ ಮೂರು ಡಿಗ್ರಿಗೂ ಜಾಸ್ತಿ ಕೆಳಗಿಳಿದು ಕಾಣುತ್ತದೆ. ಅದರಿಂದಲೇ ಸೂರ್ಯ ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಉಳಿಯುತ್ತಾನೆ. ಕೆಳಗೆ ಸಮುದ್ರ ಕತ್ತಲಾಗಿರುತ್ತದೆ, ಮೇಲೆ ರೆಕ್ಕೆಯ ತುದಿಯಲ್ಲಿ ಇನ್ನೂ ಬಿಸಿಲು.

ದೂರವನ್ನು ನಾವೇ ಅಳೆಯಬಹುದು

ಮಂಗಳೂರಿನಿಂದ ದುಬೈಗೆ ಎಷ್ಟು ಕಿಲೋಮೀಟರ್ ಅಂತ ಹುಡುಕಿದರೆ ಒಂದೊಂದು ಕಡೆ ಒಂದೊಂದು ಸಂಖ್ಯೆ ಸಿಗುತ್ತದೆ. ಆದರೆ ಈ ದೂರವನ್ನು ಹೈಸ್ಕೂಲ್ ಮಕ್ಕಳೂ ಒಂದು ಹಾಳೆಯಲ್ಲಿ ಲೆಕ್ಕ ಹಾಕಬಹುದು. ಭೂಗೋಳ ಪಾಠದ ಅಕ್ಷಾಂಶ ರೇಖಾಂಶ, ಗಣಿತದ ಪೈಥಾಗೊರಸ್ ಪ್ರಮೇಯ, ಇವೆರಡು ಗೊತ್ತಿದ್ದರೆ ಸಾಕು. ಮಾಡಿ ನೋಡೋಣ.

ಮಂಗಳೂರು ನಿಲ್ದಾಣದ ಅಕ್ಷಾಂಶ ಉತ್ತರ 12.96 ಡಿಗ್ರಿ. ದುಬೈ ನಿಲ್ದಾಣದ್ದು 25.25. ಅಂದರೆ ದುಬೈ ನಮಗಿಂತ 12.3 ಡಿಗ್ರಿ ಉತ್ತರಕ್ಕಿದೆ. ಅಕ್ಷಾಂಶದ ಒಂದು ಡಿಗ್ರಿ ಅಂದರೆ ಎಲ್ಲಿ ಅಳೆದರೂ ಸುಮಾರು 111 ಕಿ.ಮೀ. ಗುಣಿಸಿದರೆ ಉತ್ತರ ದಿಕ್ಕಿನ ದೂರ ಸುಮಾರು 1,365 ಕಿ.ಮೀ.

ಪಶ್ಚಿಮಕ್ಕೆ 19.5 ಡಿಗ್ರಿ. ಇಲ್ಲಿ ಸ್ವಲ್ಪ ಜಾಗ್ರತೆ ಬೇಕು. ರೇಖಾಂಶದ ಗೆರೆಗಳು ಧ್ರುವದಲ್ಲಿ ಹೋಗಿ ಒಂದಾಗುತ್ತವೆ. ಹಾಗಾಗಿ ಒಂದು ಡಿಗ್ರಿಯ ಅಗಲ ಎಲ್ಲ ಕಡೆ ಒಂದೇ ಇರುವುದಿಲ್ಲ. ಸಮಭಾಜಕ ವೃತ್ತದ ಮೇಲೆ 111 ಕಿ.ಮೀ., ಉತ್ತರಕ್ಕೆ ಹೋದ ಹಾಗೆ ಕಡಿಮೆ. ಮಂಗಳೂರು ಮತ್ತು ದುಬೈಯ ನಡುವಿನ ಅಕ್ಷಾಂಶ ಸುಮಾರು 19 ಡಿಗ್ರಿ. ಅಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ ಸುಮಾರು 105 ಕಿ.ಮೀ. ಗುಣಿಸಿದರೆ ಪಶ್ಚಿಮ ದಿಕ್ಕಿನ ದೂರ ಸುಮಾರು 2,050 ಕಿ.ಮೀ.

ಈಗ ಲಂಬಕೋನ ತ್ರಿಭುಜ. ಒಂದು ಬದಿ 1,365, ಇನ್ನೊಂದು 2,050. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 2,463. ಭೂಮಿ ದುಂಡಗಿದೆ ಅನ್ನುವುದನ್ನು ಸರಿಯಾಗಿ ಹಿಡಿದು, ಗೋಳದ ಗಣಿತದಲ್ಲಿ ಮಾಡಿದರೆ ಬರುವುದು ಸುಮಾರು 2,460 ಕಿ.ಮೀ. ವ್ಯತ್ಯಾಸ ಮೂರೇ ಕಿಲೋಮೀಟರ್! ಇಂಥ ಲೆಕ್ಕವನ್ನು ನಮ್ಮ ಶಾಲೆಗಳಲ್ಲಿ ಮಾಡಿಸಬೇಕು ಅಂತ ನನಗೆ ಬಹಳ ಅನ್ನಿಸುತ್ತದೆ. ಅಪ್ಪ ಇರುವ ಊರು ಎಷ್ಟು ದೂರ ಅಂತ ಮಗು ತಾನೇ ಕಂಡುಹಿಡಿದರೆ ಆ ಪ್ರಮೇಯ ಅದಕ್ಕೆ ಮರೆಯಲಾರದು.

ದೊಡ್ಡ ದೂರಕ್ಕೆ ಈ ತ್ರಿಭುಜ ಕೈಕೊಡುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 14,000 ಕಿ.ಮೀ. ಗೋಡೆಯ ನಕ್ಷೆಯಲ್ಲಿ ಆ ಊರು ಬಲಕ್ಕೋ ಎಡಕ್ಕೋ ಇರುವ ಹಾಗೆ ಕಾಣುತ್ತದೆ. ಗ್ಲೋಬಿನ ಮೇಲೆ ಎರಡೂ ಊರಿಗೆ ದಾರ ಹಿಡಿದು ಬಿಗಿಯಾಗಿ ಎಳೆದು ನೋಡಿ. ದಾರ ಉತ್ತರ ಧ್ರುವದ ಹತ್ತಿರ ಹೋಗುತ್ತದೆ. 2021ರ ಜನವರಿಯಲ್ಲಿ ಆ ದಾರಿಯ ಮೊದಲ ನೇರ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಧ್ರುವ ಪ್ರದೇಶದ ಮೇಲಿನಿಂದ ಬೆಂಗಳೂರಿಗೆ ತಂದರು. ದಾರ ತೋರಿಸುವ ಆ ಅತಿ ಕಡಿಮೆ ದೂರದ ದಾರಿಗೆ ಮಹಾವೃತ್ತ ಅನ್ನುತ್ತಾರೆ. ಮಂಗಳೂರು–ದುಬೈಯಷ್ಟು ದೂರದಲ್ಲಿ ಮಹಾವೃತ್ತಕ್ಕೂ, ದಿಕ್ಸೂಚಿ ಬದಲಿಸದೆ ಒಂದೇ ದಿಕ್ಕಿನಲ್ಲಿ ಹೋಗುವ ದಾರಿಗೂ ಒಂದೂವರೆ ಕಿಲೋಮೀಟರ್ ಮಾತ್ರ ವ್ಯತ್ಯಾಸ. ನಮಗೆ ಅದರ ಚಿಂತೆ ಬೇಡ.

ಹಾಗಾದರೆ ಸಂಖ್ಯೆಗಳು ಯಾಕೆ ಬೇರೆ ಬೇರೆ? ಕೆಲವರು ಪೇಟೆಯಿಂದ ಪೇಟೆಗೆ ಅಳೆಯುತ್ತಾರೆ, ಕೆಲವರು ನಿಲ್ದಾಣದಿಂದ ನಿಲ್ದಾಣಕ್ಕೆ. ಎಲ್ಲಕ್ಕಿಂತ ದೊಡ್ಡ ಗೊಂದಲ ಮೈಲಿಯದ್ದು. ಸಾಮಾನ್ಯ ಮೈಲಿ 1.609 ಕಿ.ಮೀ. ವಿಮಾನ, ಹಡಗಿನವರು ಬಳಸುವ ನಾಟಿಕಲ್ ಮೈಲಿ 1.852 ಕಿ.ಮೀ. ಅದೇ 2,460 ಕಿ.ಮೀ. ಒಂದರಲ್ಲಿ 1,529 ಆಗುತ್ತದೆ, ಇನ್ನೊಂದರಲ್ಲಿ 1,328. ಬರೀ ಮೈಲಿ ಅಂತ ಬರೆದಿದ್ದರೆ ಯಾವುದು ಅಂತ ನೋಡಿಕೊಳ್ಳಿ.

ಇನ್ನು, ವಿಮಾನ ಈ ಗೆರೆಯ ಮೇಲೆಯೇ ಹೋಗುವುದೂ ಇಲ್ಲ. ಆಕಾಶದಲ್ಲಿ ಗೊತ್ತುಪಡಿಸಿದ ದಾರಿಗಳಿವೆ. ಐದಕ್ಷರದ ಹೆಸರಿನ ಬಿಂದುಗಳಿವೆ. ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೋಗುತ್ತಾ ಅರಬ್ಬೀ ಸಮುದ್ರ ದಾಟಿ ಒಮಾನಿನ ಕಡೆಯಿಂದ ಯುಎಇ ಸೇರುತ್ತಾರೆ. ನಡುವೆ ಗುಡುಗಿನ ಮೋಡ ಸಿಕ್ಕಿದರೆ ಸುತ್ತು ಹಾಕುತ್ತಾರೆ. ಹಾಗಾಗಿ ಹಾರುವ ದೂರ ಲೆಕ್ಕದ ದೂರಕ್ಕಿಂತ ಸ್ವಲ್ಪ ಜಾಸ್ತಿಯೇ.

ಗಾಳಿಯ ಪಾಲು

ಗಡಿಯಾರದ ವ್ಯತ್ಯಾಸ ತೆಗೆದ ಮೇಲೂ ಹೋಗುವುದಕ್ಕೆ ಮೂರು ಮುಕ್ಕಾಲು, ಬರುವುದಕ್ಕೆ ಮೂರೂವರೆ ಉಳಿಯಿತಲ್ವಾ? ಈ ಕಾಲು ಗಂಟೆ ಮುಖ್ಯವಾಗಿ ಗಾಳಿಯದ್ದು.

ಇಲ್ಲಿ ಒಂದು ತಪ್ಪು ವಿವರಣೆ ಬಹಳ ಓಡಾಡುತ್ತದೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ, ವಿಮಾನ ಮೇಲೆ ಇರುವಾಗ ದುಬೈಯೇ ನಮ್ಮ ಕಡೆ ಬರುತ್ತದೆ, ಅದಕ್ಕೆ ಹೋಗುವಾಗ ಬೇಗ ಅಂತ. ಟಿಕೆಟಿನ ಎರಡು ಗಂಟೆ ನೋಡಿದವರಿಗೆ ಇದು ಸರಿ ಅಂತಲೂ ಅನ್ನಿಸುತ್ತದೆ. ಆದರೆ ನಮ್ಮ ಅಕ್ಷಾಂಶದಲ್ಲಿ ನೆಲ ಗಂಟೆಗೆ 1,600 ಕಿ.ಮೀ.ಗೂ ಜಾಸ್ತಿ ವೇಗದಲ್ಲಿ ಪೂರ್ವಕ್ಕೆ ಹೋಗುತ್ತಿದೆ. ಆ ಮಾತು ನಿಜವಾಗಿದ್ದರೆ ಮೇಲೆ ಹೋಗಿ ಸುಮ್ನೆ ನಿಂತರೂ ಒಂದೂವರೆ ಗಂಟೆಯಲ್ಲಿ ಅರಬ್‌ ನಾಡು ಕೆಳಗೆ ಬಂದುಬಿಡಬೇಕಿತ್ತು. ಹಾಗಾಗುವುದಿಲ್ಲ. ಭೂಮಿಯ ಜೊತೆಗೆ ಗಾಳಿಯೂ ತಿರುಗುತ್ತದೆ, ಗಾಳಿಯ ಜೊತೆಗೆ ವಿಮಾನವೂ.

ವಿಮಾನದ ವೇಗ ಗಾಳಿಯ ಲೆಕ್ಕದಲ್ಲಿ ಇರುವ ವೇಗ. ಮಂಗಳೂರಿಗೆ ಬರುವ ಬೋಯಿಂಗ್ 737, ಏರ್‌ಬಸ್ 320 ಜಾತಿಯ ವಿಮಾನಗಳು 11 ಕಿ.ಮೀ. ಎತ್ತರದಲ್ಲಿ ಸಾಮಾನ್ಯವಾಗಿ ಶಬ್ದದ ವೇಗದ 0.78 ಪಾಲಿನಲ್ಲಿ ಹೋಗುತ್ತವೆ. ಗಂಟೆಗೆ ಸುಮಾರು 830 ಕಿ.ಮೀ. ಆದರೆ ಸುತ್ತಲಿನ ಗಾಳಿಯೇ ಹರಿಯುತ್ತಿದ್ದರೆ? ಚಂದ್ರಗಿರಿ ಹೊಳೆಯಲ್ಲಿ ದೋಣಿ ಹುಟ್ಟು ಹಾಕಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ತೋಳಿನ ಬಲ ಒಂದೇ, ನೀರಿನ ಜೊತೆ ಹೋದರೆ ದಡ ಬೇಗ ಹಿಂದೆ ಸರಿಯುತ್ತದೆ, ನೀರಿಗೆ ಎದುರು ಹೋದರೆ ನಿಧಾನ.

2,460 ಕಿ.ಮೀ.ಯನ್ನು 830ರ ವೇಗದಲ್ಲಿ ಹೋದರೆ 2 ಗಂಟೆ 58 ನಿಮಿಷ. ಗಂಟೆಗೆ 100 ಕಿ.ಮೀ. ಎದುರುಗಾಳಿ ಇದ್ದರೆ ನೆಲದ ಲೆಕ್ಕದ ವೇಗ 730ಕ್ಕೆ ಇಳಿಯುತ್ತದೆ, 3 ಗಂಟೆ 22 ನಿಮಿಷ ಬೇಕು. ಅಷ್ಟೇ ಗಾಳಿ ಬೆನ್ನಿಗಿದ್ದರೆ ವೇಗ 930, ಹೊತ್ತು 2 ಗಂಟೆ 39 ನಿಮಿಷ. ಹೋಗುವುದಕ್ಕೂ ಬರುವುದಕ್ಕೂ 43 ನಿಮಿಷ ವ್ಯತ್ಯಾಸ. ಇನ್ನೊಂದು ಗಮನಿಸಿ. ಎದುರುಗಾಳಿಯಿಂದ ಕಳೆದುಕೊಂಡದ್ದು 24 ನಿಮಿಷ, ಬೆನ್ನಗಾಳಿಯಿಂದ ಸಿಕ್ಕಿದ್ದು 19. ಗಾಳಿ ಹೋಗುವಾಗ ಕಿತ್ತುಕೊಂಡದ್ದನ್ನು ಬರುವಾಗ ಪೂರ್ತಿ ಕೊಡುವುದಿಲ್ಲ. ಎದುರುಗಾಳಿಯಲ್ಲಿ ಜಾಸ್ತಿ ಹೊತ್ತು ಇರಬೇಕಾಗುತ್ತದೆ, ಅದೇ ಕಾರಣ.

ಈ ಗಾಳಿ ವರ್ಷವಿಡೀ ಒಂದೇ ತರ ಇರುವುದಿಲ್ಲ. ಚಳಿಗಾಲದಲ್ಲಿ ಅರಬ್ ನಾಡು ಮತ್ತು ಉತ್ತರ ಭಾರತದ ಮೇಲೆ, ಸುಮಾರು 12 ಕಿ.ಮೀ. ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ರಭಸದ ಗಾಳಿ ಬೀಸುತ್ತದೆ. ಜೆಟ್ ಸ್ಟ್ರೀಮ್ ಅಂತ ಅದಕ್ಕೆ ಹೆಸರು. ದುಬೈಗೆ ಹೋಗುವ ವಿಮಾನಕ್ಕೆ ಮಂಗಳೂರಿನ ಹತ್ತಿರ ಅದರ ಕಾಟ ಕಡಿಮೆ. ಒಮಾನ್ ಹತ್ತಿರವಾದ ಹಾಗೆ ಎದುರುಗಾಳಿ ಜೋರಾಗುತ್ತದೆ. ಡಿಸೆಂಬರಿನಿಂದ ಮಾರ್ಚಿನವರೆಗೆ ಊರಿಗೆ ಬರುವವರು ಹೊತ್ತಿಗಿಂತ ಮೊದಲೇ ಇಳಿಯುವುದು ಈ ಗಾಳಿಯ ದಯೆಯಿಂದ.

ಮಳೆಗಾಲದಲ್ಲಿ ಚಿತ್ರವೇ ಬದಲು. ಬೇಕಲದ ಕಡಲ ಬದಿಯಲ್ಲಿ ನಿಂತರೆ ಗಾಳಿ ಸಮುದ್ರದ ಕಡೆಯಿಂದ ಮುಖಕ್ಕೆ ಹೊಡೆಯುತ್ತದೆ. ಅದೇ ಹೊತ್ತಿಗೆ ಹತ್ತು ಹದಿನೈದು ಕಿ.ಮೀ. ಮೇಲೆ ಗಾಳಿ ಪೂರ್ವದಿಂದ ಸಮುದ್ರದ ಕಡೆಗೆ ಹರಿಯುತ್ತಿರುತ್ತದೆ. ಈ ಪೂರ್ವದ ಜೆಟ್ ಗಾಳಿಯನ್ನು ಲೋಕಕ್ಕೆ ತಿಳಿಸಿಕೊಟ್ಟವರು ನಮ್ಮ ಹವಾಮಾನ ಇಲಾಖೆಯ ಪಿ. ಕೋಟೇಶ್ವರಂ, 1950ರ ದಶಕದಲ್ಲಿ. ಮುಂದೆ ಅವರು ಅದೇ ಇಲಾಖೆಯ ಮುಖ್ಯಸ್ಥರೂ ಆದರು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಈ ಗಾಳಿಯಿಂದ ಹೋಗುವ ವಿಮಾನಕ್ಕೆ ನೆರವು ಸಿಗುತ್ತದೆ, ಇಲ್ಲವೆಂದರೂ ಎದುರುಗಾಳಿ ತಗ್ಗುತ್ತದೆ. ಚಳಿಗಾಲದ ಟಿಕೆಟಿಗೂ ಮಳೆಗಾಲದ ಟಿಕೆಟಿಗೂ ಕೆಲವು ನಿಮಿಷ ಹೆಚ್ಚುಕಡಿಮೆ ಕಂಡರೆ ಅಚ್ಚರಿ ಬೇಡ.

ನೆಲದ ಮೇಲಿನ ಹೊತ್ತು

ಮಂಗಳೂರಿನಿಂದ ಬೆಂಗಳೂರಿಗೆ ಆಕಾಶದಲ್ಲಿ 306 ಕಿ.ಮೀ. ಮಾತ್ರ. 830ರ ವೇಗಕ್ಕೆ 22 ನಿಮಿಷ ಸಾಕು. ಆದರೆ ಟಿಕೆಟಿನಲ್ಲಿ ಒಂದು ಗಂಟೆಗೂ ಮೇಲೆ ಬರೆದಿರುತ್ತದೆ. ದುಬೈಯ ದೂರ ಇದರ ಎಂಟು ಪಾಲು, ಹೊತ್ತು ಎಂಟು ಪಾಲಲ್ಲ, ಮೂರೂವರೆ ಪಾಲು. ಯಾಕೆ?

ಟಿಕೆಟಿನ ಹೊತ್ತು ಹಾರುವ ಹೊತ್ತು ಮಾತ್ರ ಅಲ್ಲ. ವಿಮಾನ ನಿಂತ ಜಾಗದಿಂದ ಹೊರಟ ಕ್ಷಣದಿಂದ, ಇನ್ನೊಂದು ಊರಿನಲ್ಲಿ ತನ್ನ ಜಾಗಕ್ಕೆ ಬಂದು ನಿಲ್ಲುವವರೆಗೆ. ಬ್ಲಾಕ್ ಟೈಮ್ ಅನ್ನುತ್ತಾರೆ. ರನ್‌ವೇಗೆ ಉರುಳಿಕೊಂಡು ಹೋಗುವುದು, ಸರದಿ ಕಾಯುವುದು, ಇಳಿದ ಮೇಲೆ ಮತ್ತೆ ಉರುಳುವುದು ಎಲ್ಲ ಇದರಲ್ಲಿ ಸೇರಿದೆ. ದುಬೈಯಂಥ ದೊಡ್ಡ ನಿಲ್ದಾಣದಲ್ಲಿ ಇದಕ್ಕೇ ಬಹಳ ಹೊತ್ತು ಹಿಡಿಯುತ್ತದೆ. ಇಳಿಯಲು ಸರದಿ ಇದ್ದರೆ ಮೇಲೆಯೇ ಸುತ್ತು ಹಾಕಬೇಕು. ಕಂಪನಿಗಳು ಇದನ್ನೆಲ್ಲ ನೋಡಿ ಸ್ವಲ್ಪ ಹೊತ್ತು ಜಾಸ್ತಿಯೇ ಬರೆದಿರುತ್ತವೆ. ಅರ್ಧ ಗಂಟೆ ತಡವಾಗಿ ಹೊರಟ ವಿಮಾನ ಹತ್ತೇ ನಿಮಿಷ ತಡವಾಗಿ ಮುಟ್ಟುವುದು ಇದರಿಂದ.

ಏರುವುದು ಇಳಿಯುವುದೂ ಹೊತ್ತು ತಿನ್ನುತ್ತದೆ. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ ಸುಮಾರು 463 ಕಿ.ಮೀ. ವೇಗ ಮೀರುವ ಹಾಗಿಲ್ಲ. 36,000 ಅಡಿಗೆ ಏರಲು ಸುಮಾರು 200 ಕಿ.ಮೀ. ದಾರಿ ಬೇಕು. ಇಳಿಯಲೂ ಹೆಚ್ಚುಕಡಿಮೆ ಅಷ್ಟೇ. ಪೈಲಟ್‌ಗಳ ಬಾಯಿಲೆಕ್ಕ ಏನೆಂದರೆ ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ. ಮೂವತ್ತಾರನ್ನು ಮೂರರಿಂದ ಗುಣಿಸಿದರೆ 108 ನಾಟಿಕಲ್ ಮೈಲಿ, ಸರಿಯಾಗಿ 200 ಕಿ.ಮೀ. ಏರುವುದಕ್ಕೆ 200, ಇಳಿಯುವುದಕ್ಕೆ 200, ಒಟ್ಟು 400. ಬೆಂಗಳೂರಿನ ದಾರಿ ಇರುವುದೇ 306! ಹಾಗಾಗಿ ಆ ವಿಮಾನ ಅಷ್ಟು ಎತ್ತರಕ್ಕೆ ಹೋಗುವುದೇ ಇಲ್ಲ. ಏರಿ ಮುಗಿಸುವಷ್ಟರಲ್ಲಿ ಇಳಿಯಲು ಶುರು. ಪೂರ್ತಿ ವೇಗದಲ್ಲಿ ಓಡುವ ಭಾಗ್ಯ ಅದಕ್ಕಿಲ್ಲ.

ದೂರ ನೋಡಿ ಹೊತ್ತು ಊಹಿಸುವವರು 800ರಿಂದ ಭಾಗಿಸಿ ಅರ್ಧ ಗಂಟೆ ಕೂಡಿಸುವುದು ಇದಕ್ಕೇ. 2,460ಕ್ಕೆ ಮಾಡಿ ನೋಡಿ, 3 ಗಂಟೆ 35 ನಿಮಿಷ ಬರುತ್ತದೆ. ಟಿಕೆಟಿಗೆ ಬಹಳ ಹತ್ತಿರ.

ಮುಂಬೈ ಮೇಲೆ ಹೋದರೆ ಏನಾಗುತ್ತದೆ ಅಂತಲೂ ಇದರಿಂದ ಗೊತ್ತಾಗುತ್ತದೆ. ಮಂಗಳೂರಿನಿಂದ ಮುಂಬೈ 715 ಕಿ.ಮೀ., ಅಲ್ಲಿಂದ ದುಬೈ 1,926. ಒಟ್ಟು 2,641. ನೇರ ದಾರಿಗಿಂತ 180 ಕಿ.ಮೀ. ಮಾತ್ರ ಜಾಸ್ತಿ. ಮುಂಬೈ ಹೆಚ್ಚುಕಡಿಮೆ ದಾರಿಯಲ್ಲೇ ಇದೆ. ಹಾರುವ ಲೆಕ್ಕದಲ್ಲಿ ಕಾಲು ಗಂಟೆಯೂ ಇಲ್ಲ. ಆದರೆ ಎರಡು ಸಲ ಏರಬೇಕು, ಎರಡು ಸಲ ಇಳಿಯಬೇಕು, ನಡುವೆ ಟರ್ಮಿನಲ್ ಬದಲಿಸಿ ಇಮಿಗ್ರೇಷನ್ ಸಾಲಿನಲ್ಲಿ ನಿಲ್ಲಬೇಕು. ಮೂರೂವರೆ ಗಂಟೆಯ ದಾರಿ ಎಂಟು ಗಂಟೆಯಾಗುವುದಕ್ಕೆ ಈ ಕಾಯುವುದೇ ಕಾರಣ, ದೂರ ಅಲ್ಲ. ಪುಟ್ಟ ಮಕ್ಕಳನ್ನೋ ವಯಸ್ಸಾದವರನ್ನೋ ಕಳಿಸುವಾಗ ಸ್ವಲ್ಪ ದುಡ್ಡು ಜಾಸ್ತಿಯಾದರೂ ನೇರ ವಿಮಾನ ನೋಡಿ ಅಂತಲೇ ನಾನು ಹೇಳುತ್ತೇನೆ.

ಬಜ್ಪೆಯೋ ಮಟ್ಟನ್ನೂರೋ?

ಕಾಸರಗೋಡಿನವರಿಗೆ ಮೊದಲು ಈ ಪ್ರಶ್ನೆಯೇ ಇರಲಿಲ್ಲ. ಬಜ್ಪೆಯಲ್ಲಿ 1951ರಿಂದ ವಿಮಾನ ಇಳಿಯುತ್ತಿತ್ತು. ಹಳೆಯ ರನ್‌ವೇ ಗಿಡ್ಡ. 2006ರಲ್ಲಿ 2,450 ಮೀಟರಿನ ಹೊಸ ರನ್‌ವೇ ಬಂತು, ಅದೇ ವರ್ಷ ದುಬೈಗೆ ನೇರ ವಿಮಾನ ಶುರುವಾಯಿತು. 2018ರ ಡಿಸೆಂಬರಿನಲ್ಲಿ ಕಣ್ಣೂರಿನ ಮಟ್ಟನ್ನೂರಿನಲ್ಲಿ 3,050 ಮೀಟರ್ ರನ್‌ವೇಯ ನಿಲ್ದಾಣ ತೆರೆದ ಮೇಲೆ ಜಿಲ್ಲೆ ಎರಡು ನಿಲ್ದಾಣಗಳ ನಡುವೆ ಬಂದು ಕೂತಿತು.

ಆಕಾಶದಲ್ಲಿ ಕಣ್ಣೂರು–ದುಬೈ ಸುಮಾರು 2,590 ಕಿ.ಮೀ. ಮಂಗಳೂರಿಗಿಂತ 130 ಕಿ.ಮೀ.ಗಳಷ್ಟು ಜಾಸ್ತಿ. ಒಂಬತ್ತು ಹತ್ತು ನಿಮಿಷದ ಮಾತು. ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ನೋಡಬೇಕಾದದ್ದು ನೆಲದ ಮೇಲಿನ ದಾರಿ. ಕಾಸರಗೋಡು ಪೇಟೆಯಿಂದ ನೇರ ಗೆರೆ ಎಳೆದರೆ ಬಜ್ಪೆಗೆ ಸುಮಾರು 52 ಕಿ.ಮೀ., ಮಟ್ಟನ್ನೂರಿಗೆ ಸುಮಾರು 88. ಕಾಂಞಂಗಾಡಿನಿಂದ ಅಳೆದರೆ ಬಜ್ಪೆಗೆ ಸುಮಾರು 75, ಮಟ್ಟನ್ನೂರಿಗೆ 66. ರಸ್ತೆಯಲ್ಲಿ ಇದಕ್ಕಿಂತ ಜಾಸ್ತಿಯೇ ಆಗುತ್ತದೆ. ಹಾಗಾಗಿ ಕುಂಬಳೆ, ಉಪ್ಪಳ, ಬದಿಯಡ್ಕ, ಪೆರ್ಲದವರಿಗೆ ಬಜ್ಪೆ ಹತ್ತಿರ. ನೀಲೇಶ್ವರ, ಚೆರುವತ್ತೂರಿನವರಿಗೆ ಮಟ್ಟನ್ನೂರು. ಕಾಂಞಂಗಾಡಿನವರು ಟಿಕೆಟ್ ದರ, ವಿಮಾನದ ಹೊತ್ತು, ಆ ದಿನದ ಹೆದ್ದಾರಿಯ ಸ್ಥಿತಿ ನೋಡಿ ತೀರ್ಮಾನ ಮಾಡಬಹುದು. ಹತ್ತು ನಿಮಿಷ ಬೇಗ ಹಾರುವ ವಿಮಾನಕ್ಕೆ ಅಂತ ಒಂದು ಗಂಟೆ ಜಾಸ್ತಿ ಕಾರಿನಲ್ಲಿ ಕೂರುವುದರಲ್ಲಿ ಅರ್ಥವಿಲ್ಲ.

ಕರೆತರಲು ಹೋಗುವವರಿಗೆ

ಬರುವ ವಿಮಾನ ತಡವಾದಾಗ ಮನೆಯವರು ನಿಲ್ದಾಣದ ಹೊರಗೆ ಗಂಟೆಗಟ್ಟಲೆ ನಿಂತಿರುವುದನ್ನು ಕಂಡರೆ ಬೇಸರವಾಗುತ್ತದೆ. ಅಷ್ಟು ಕಾಯಬೇಕಾಗಿಲ್ಲ. ವಿಮಾನ ನಿಜವಾಗಿ ನೆಲ ಬಿಟ್ಟ ಹೊತ್ತು ಯಾವುದು ಅಂತ ಮೊಬೈಲಿನಲ್ಲಿ ನೋಡಿ. ದುಬೈ ಗಡಿಯಾರದಲ್ಲಿ 1:40ಕ್ಕೆ ಏರಿತು ಅನ್ನಿ. ಒಂದೂವರೆ ಗಂಟೆ ಕೂಡಿಸಿದರೆ ನಮ್ಮ 3:10. ಏರಿದಲ್ಲಿಂದ ಇಳಿಯುವವರೆಗೆ ಸುಮಾರು ಮೂರು ಗಂಟೆ, 6:10. ಇಮಿಗ್ರೇಷನ್, ಬ್ಯಾಗು, ಕಸ್ಟಮ್ಸ್ ಮುಗಿಸಿ ಹೊರಗೆ ಬರಲು ಇನ್ನೂ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಕುಂಬಳೆಯಲ್ಲಿ ಇರುವವರು ನಾಲ್ಕೂವರೆಗೆ ಹೊರಟರೂ ಆಗುತ್ತದೆ.

ಕೊನೆಯ ಹತ್ತು ಹದಿನೈದು ನಿಮಿಷ ಮಾತ್ರ ಯಾರ ಕೈಯಲ್ಲೂ ಇಲ್ಲ. ಬಜ್ಪೆಯ ರನ್‌ವೇಗೆ ಒಂದು ತುದಿಯಿಂದ 24, ಇನ್ನೊಂದು ತುದಿಯಿಂದ 06 ಅಂತ ಹೆಸರು. 240 ಡಿಗ್ರಿ, 60 ಡಿಗ್ರಿ ದಿಕ್ಕು ಅಂತ ಅರ್ಥ. 24ರಲ್ಲಿ ಇಳಿಯಬೇಕಾದರೆ ಪೂರ್ವದ ಕಡೆಯಿಂದ ಬರಬೇಕು. ದುಬೈಯಿಂದ ಪಶ್ಚಿಮದ ಕಡಲ ಮೇಲೆ ಬಂದ ವಿಮಾನ ಕರಾವಳಿ ದಾಟಿ ಘಟ್ಟದ ಕಡೆ ಹೋಗಿ ತಿರುಗಿ ಬರುತ್ತದೆ. ಕಿಟಕಿಯಲ್ಲಿ ಊರು ಕಂಡಿತು, ಮತ್ತೆ ದೂರ ಹೋಯಿತು ಅಂತ ಗಾಬರಿಯಾಗಬೇಡಿ.

ಪೈಲಟ್ ಇಳಿಯಲು ಬಂದು, ಇಳಿಯದೆ ಮತ್ತೆ ಮೇಲೆ ಹೋದರೂ ಹಾಗೇ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಈ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ಸತ್ತರು. ಅವರಲ್ಲಿ ಕಾಸರಗೋಡು ಜಿಲ್ಲೆಯವರು ಅನೇಕರು. ಇಳಿಯುವ ರೀತಿ ಸರಿಯಾಗಿಲ್ಲದಿದ್ದರೂ, ಜೊತೆಯ ಪೈಲಟ್ ಮತ್ತೆ ಮೇಲಕ್ಕೆ ಹೋಗೋಣ ಅಂದರೂ, ಇಳಿಸುವುದನ್ನು ನಿಲ್ಲಿಸಲಿಲ್ಲ ಅಂತ ತನಿಖೆ ಹೇಳಿತು. ಆ ದಿನ ಮನೆಯವರನ್ನು ಕಳೆದುಕೊಂಡವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಮತ್ತೊಂದು ಸುತ್ತು ಹಾಕಿ ಬರಲು ಹಿಡಿಯುವ ಹದಿನೈದು ನಿಮಿಷಕ್ಕೆ ಯಾರೂ ಗೊಣಗಬಾರದು.

ಜೂನ್, ಜುಲೈಯಲ್ಲಿ ಬಜ್ಪೆಯ ಗುಡ್ಡದ ಮೇಲೆ ಮೋಡ ಕೂತರೆ ವಿಮಾನ ಸ್ವಲ್ಪ ಹೊತ್ತು ಸುತ್ತಿ, ಆಗದಿದ್ದರೆ ಬೆಂಗಳೂರಿಗೋ ಕಣ್ಣೂರಿಗೋ ಕೊಚ್ಚಿಗೋ ಹೋಗುತ್ತದೆ. ಕಣ್ಣೂರಿಗೆ ಹೋಯಿತು ಅಂತ ಗೊತ್ತಾದ ಕೂಡಲೇ ಕೆಲವರು ಕಾರು ಅತ್ತ ತಿರುಗಿಸುತ್ತಾರೆ. ಅವಸರ ಮಾಡಬೇಡಿ. ಬೇರೆ ದೇಶದಿಂದ ಬಂದವರನ್ನು ಅಲ್ಲಿ ಬಹಳ ಸಲ ಇಳಿಸುವುದಿಲ್ಲ. ವಿಮಾನದಲ್ಲೇ ಕೂರಿಸಿ, ಹವೆ ಸರಿಯಾದ ಮೇಲೆ ಬಜ್ಪೆಗೇ ತರುತ್ತಾರೆ. ಒಳಗಿರುವವರಿಗೆ ಫೋನ್ ಮಾಡಿ, ಇಳಿಸುತ್ತಾರೋ ಇಲ್ಲವೋ ಕೇಳಿಕೊಂಡು, ಆಮೇಲೆ ಹೊರಡಿ.